ಹೊಗೆಸೊಪ್ಪು

ಅಂಗಡಿಯ ತಗಡಿನ ಬೋರ್ಡು ಬರೆದವಳು ನಾನೇ.
'ಹದಿನೆಂಟು ತುಂಬದವರಿಗೆ ತಂಬಾಕು ಮಾರುವು'
ಅಲ್ಲಿಗೆ ಜಾಗ ಮುಗಿದು
'ದಿಲ್ಲ' ಕೆಳಗಿನ ಸಾಲಿಗೆ ಜಾರಿತು, ಸಣ್ಣದಾಗಿ.
ಅಪ್ಪ ಅದರ ಮೇಲೇ ಪ್ಯಾಕೆಟ್ಟಿನ ಸರ ಇಳಿಬಿಟ್ಟ.
ಆಗ ನನಗೆ ಹದಿನಾಲ್ಕು.

ಕೆರಗೋಡು ಹೈಸ್ಕೂಲಿನ ಗಂಟೆ ನಮ್ಮಂಗಡಿಗೆ ಕೇಳುತ್ತಿತ್ತು.
ಚೆಲುವರಾಜ ನನ್ನದೇ ಕ್ಲಾಸು, ಹಿಂದಿನ ಬೆಂಚು.
ಅಜ್ಜಿಗೆ ಎಲೆ, ಕಡ್ಡಿಪುಡಿ, ಒಂಚೂರು ಸುಣ್ಣ
ಒಯ್ಯುತ್ತಿದ್ದವ ಒಂದು ದಿನ
ದಾರಿಯಲ್ಲೇ ಪೊಟ್ಟಣ ಬಿಚ್ಚಿದ.
ತಲೆ ತಿರುಗಿ ಪಂಪ್‌ಸೆಟ್ಟಿನ ತೊಟ್ಟಿಗೆ ಮುಖ ಅದ್ದಿದ್ದನ್ನು
ಅವನೇ ಹೇಳಿದ್ದು, ನಗುತ್ತಾ:
"ಏನೂ ಆಗಕಿಲ್ಲ ಕಣಮ್ಮಿ.
ಅಜ್ಜಿ ಅರವತ್ತು ವರ್ಸದಿಂದ ಅಗಿತಾವ್ಳೆ,
ಕಬ್ಬು ಕಡಿಯಕ್ಕೆ ಈಗ್ಲೂ ಅವ್ಳೇ ಮುಂದು."

ಹೊಗೆಯೇ ಇಲ್ಲವಲ್ಲ, ಭಯವೇನು?
ತುಟಿ ಮುಚ್ಚಿದರೆ ಗುಟ್ಟು ಅಲ್ಲೇ, ದವಡೆಯ ಸಂದಿಯಲ್ಲಿ.
ಒಂಬತ್ತನೇ ಕ್ಲಾಸಿಗೆ ಸರದಿಂದಲೇ ಹರಿದು ಕೊಡುತ್ತಿದ್ದೆ,
ಬೆಳಗ್ಗೆ ಒಂದು, ಕಬಡ್ಡಿಗೆ ಮುಂಚೆ ಒಂದು.
ವಿಜ್ಞಾನದ ಮೇಷ್ಟ್ರು ಪ್ರಶ್ನೆ ಕೇಳಿದರೆ
ಎದ್ದು ನಿಲ್ಲುತ್ತಿದ್ದ, ಕೆಳತುಟಿ ಉಬ್ಬಿಸಿ,
ಉತ್ತರ ಗೊತ್ತಿದ್ದೂ ಮೂಗನ ಹಾಗೆ.
ಗೊತ್ತಿದ್ದೂ ಮೂಗಿ, ನಾನೂ.
ನನ್ನ ಜಾಮಿಟ್ರಿ ಬಾಕ್ಸು ಬಂದದ್ದು ಆ ಚಿಲ್ಲರೆಯಲ್ಲೇ.

ಪಿಯುಸಿಗೆ ಮಂಡ್ಯ ಬಸ್ಸು ಹತ್ತಿದ.
ಕಿಟಕಿಯಿಂದ ಉಗಿದರೆ "ಹಳ್ಳಿ ಗುಗ್ಗು" ಎಂದು
ನಕ್ಕರಂತೆ ಹೊಸ ಗೆಳೆಯರು.
ಸಿಗರೇಟಿಗೆ ಉಗಿಯುವ ಗೋಳಿಲ್ಲ,
ಹಲ್ಲು ಕೆಂಪಾಗುವುದಿಲ್ಲ, ಒಂದು ಪೆಪ್ಪರಮಿಂಟು ಸಾಕು.
ಬೆರಳು ಹೊಸದಾಗಿ ಕಲಿಯಬೇಕಿತ್ತು, ಅಷ್ಟೆ.
ನೆತ್ತರು ಆಗಲೇ ಕಲಿತಿತ್ತು.

ಸಂಜೆ ಬಸ್ಸಿಳಿದವನು ಬಿಡಿ ಸಿಗರೇಟು ಕೇಳಿದ,
ಮೇಲಿನ ಕ್ಲಾಸಿಗೆ ಪಾಸಾದವನ ದನಿಯಲ್ಲಿ.
ದಾರಕ್ಕೆ ಕಟ್ಟಿದ ಲೈಟರು ಎಳೆದು, ಬಗ್ಗಿ,
ಮೊದಲ ಹೊಗೆ ಬಿಟ್ಟ.
ಕೆಮ್ಮಲಿಲ್ಲ.

ಹೊಗೆಸೊಪ್ಪು.
ಲೆಕ್ಕದ ಪುಸ್ತಕದಲ್ಲಿ ಎಷ್ಟು ಸಲ ಬರೆದಿದ್ದೆನೋ ಆ ಹೆಸರು.
ಅದರ ಮೊದಲೆರಡು ಅಕ್ಷರ
ಓದಿದ್ದು ಆವತ್ತು.

ಹೋದ ತಿಂಗಳು ಅವನ ಅಜ್ಜಿ ತೀರಿಕೊಂಡಳು.
ತಿಥಿಗೆ ಎಲೆಅಡಿಕೆ ನಮ್ಮಲ್ಲಿಂದಲೇ ಹೋಯಿತು, ಸಾಲಕ್ಕೆ.
ಇವತ್ತು ತಮ್ಮ ಬಂದಿದ್ದಾನೆ, ಏಳನೇ ಕ್ಲಾಸು,
ತುದಿಗಾಲಲ್ಲಿ ನಿಂತು, ಬಿಸ್ಕತ್ತಿನ ಗಾಜಿನ ಡಬ್ಬಿಗೆ
ಐದರ ನಾಣ್ಯ ಕುಟ್ಟುತ್ತಾ:
"ಅಕ್ಕೋ, ಅಜ್ಜಿಗೆ ಕಡ್ಡಿಪುಡಿ."

ಅಪ್ಪ ಒಳಗೆ ಉಣ್ಣುತ್ತಿದ್ದ.
ಸರ ಪಕ್ಕಕ್ಕೆ ಸರಿಸಿದೆ.
ಬಿಸಿಲು ಕಾಣದ್ದಕ್ಕೋ ಏನೋ
'ದಿಲ್ಲ'ದ ಬಣ್ಣ ಇನ್ನೂ ಮಾಸಿರಲಿಲ್ಲ.
"ಯಾವಜ್ಜಿಗ್ಲಾ?" ಅಂದೆ.