ಲಗೇಜ್ ಟಿಕೆಟ್ಟು

ಗೆಜ್ಜಲಗೆರೆಯಲ್ಲಿ ಹತ್ತಿದವನ ಕೈಲಿ
ಒಂಬತ್ತು ಅಡಿ ಬಿದಿರು.
ಕಿಟಕಿಯಾಚೆ ಅರ್ಧ, ಒಳಗೆ ಅರ್ಧ,
ಬುಡ ನೇರ ನನ್ನ ಪಕ್ಕೆಗೆ.
ಮಷೀನು ಒತ್ತಿ ಎಂಟು ರೂಪಾಯಿ ಲಗೇಜು ಹರಿದೆ.
ಮಾತಾಡದೆ ಕೊಟ್ಟ. ಮದ್ದೂರು ಹೊಳೆ ಹತ್ತಿರ ಇಳಿವಾಗ ಅಂದ:
"ಕೋಲಿಗೂ ಚೀಟಿ ಕೊಟ್ಯಲ್ಲ ಕಂಡಕ್ಟ್ರವ್ವ,
ಅದು ಏನ್ ಮಾಡ್ತದೆ ಅಂತ ಒಂದಿನ ಬಂದು ನೋಡು."

ಮಂಗಳವಾರ ನನ್ನ ರಜೆ.
ಯೂನಿಫಾರಂ ಒಗೆದು, ಹರವಿ,
ಯಾಕೆ ಹೋದೆನೋ,
ಶಿಂಷೆಯ ದಂಡೆಗೆ, ಸೇತುವೆ ಕೆಳಗಿನ ಮಡುವಿಗೆ,
ಚಪ್ಪಲಿ ಕೈಲಿ ಹಿಡಿದು.

ಮರಿಮಾದಯ್ಯ ತಲೆ ಎತ್ತಲಿಲ್ಲ.
"ನಿನ್ ನೆಳ್ಳು ನೀರಿಗೆ ಬೀಳ್ತಾದೆ, ಹಿಂದಕ್ಕೆ ಸರಿ."
ಅದು ಪಾಠವೆಂದು ಆಮೇಲೆ ತಿಳಿಯಿತು.

ರಾಗಿಹಿಟ್ಟಿಗೆ ಕಡ್ಲೆಕಾಯಿ ಹಿಂಡಿ, ಚೂರು ಬೆಲ್ಲ,
ಕಿವಿಯ ಹಾಲೆಯಷ್ಟು ಮೆತ್ತಗೆ ನಾದಬೇಕಂತೆ.
ಇಪ್ಪತ್ತು ವರ್ಷ ಮುದ್ದೆ ತಿರುವಿದ ಕೈ,
ನನಗೇ ಹೇಳಿಕೊಡ್ತಾನಲ್ಲ ಅಂದುಕೊಂಡೆ.
ನನ್ನದು ನೀರು ಮುಟ್ಟಿದ್ದೇ ಕರಗಿ ಹೋಯಿತು.
"ಉಣ್ಣೋರ ಮುದ್ದೆ ಬ್ಯಾರೆ, ಕಾಯೋರ ಮುದ್ದೆ ಬ್ಯಾರೆ."

ದಿನವಿಡೀ ಕೂಗುವವಳು ನಾನು:
ಒಳಗೆ ಬನ್ರೀ, ಚಿಲ್ಲರೆ ಕೊಡ್ರೀ,
ಆಧಾರ್ ತೋರಿಸ್ರವ್ವ, ರೈಟ್, ರೈಟ್.
ಇಲ್ಲಿ ಜೋಳದ ದಂಟಿನ ಒಂದು ಬೆಂಡು
ನೀರ ಮೇಲೆ ನಿಂತಿದೆ.
ಅದಕ್ಕೆ ಯಾರೂ ಮುಂದೆ ಹೋಗು ಅನ್ನುವಂತಿಲ್ಲ.

ಪುಟಪುಟ ಕುಣಿದರೆ ಸಾಸಲು, ಬರೀ ತಿಂಡಿಪೋತ.
ಅಡ್ಡ ಮಲಗಿದರೆ ಜಿಲೇಬಿ.
ಹೇಳದೆ ಕೇಳದೆ ಮುಳುಗಿತೋ, ಗೆಂಡೆ.
"ಆಗ್ಲೂವೆ ಎಳೀಬ್ಯಾಡ. ಒಂದು ಉಸುರು ಬುಡು."
ನಾನು ಎಳೆದೆ.
ಬರಿಗಾಳ ಹಾರಿ ಹೊಂಗೆ ಕೊಂಬೆಗೆ ಸಿಕ್ಕಿತು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಿದೆ,
ನಲವತ್ಮೂರನೇ ವಯಸ್ಸಿನಲ್ಲಿ.
ಮೇಲಿನಿಂದ ನೋಡಿದರೆ ಮಡುವಿನ ತಳದಲ್ಲಿ
ಕರೀ ಬೆನ್ನುಗಳು ಸಾಲಾಗಿ ತಿರುಗುತ್ತಿದ್ದವು,
ನನ್ನ ಗಡಿಬಿಡಿ ಅವಕ್ಕೆ ಲೆಕ್ಕವೇ ಇಲ್ಲ.
ಇಳಿಯಲು ಮನಸ್ಸಾಗಲಿಲ್ಲ ಕೊಂಚ ಹೊತ್ತು.

ಎಷ್ಟೋ ಮಂಗಳವಾರ ಏನೂ ಇಲ್ಲ.
"ಏನ್ ತಂದ್ಯಮ್ಮ ನಿನ್ನೆ?"
ಡ್ರೈವರು ಕಾಳಮರೀಗೌಡ ಗೇರು ಹಾಕುತ್ತ ಕೇಳೋದು,
"ಬಿಸಿಲು ತಂದೆ" ಅನ್ನೋದು ನಾನು.

ಕಾರಹುಣ್ಣಿಮೆ ಕಳೆದ ವಾರ
ನೀರು ಚಹಾದ ಬಣ್ಣ.
ಬೆಂಡು ಇತ್ತು. ಇಲ್ಲ.
ಉಸಿರು ಬಿಟ್ಟೆ.
ಆಮೇಲೆ ಕೋಲು ಬಾಗಿತು, ಮೊಣಕೈವರೆಗೂ ಏನೋ
ಸಿಟ್ಟಿನಿಂದ ಮಾತಾಡಿತು.

"ಒಣಗೈಲಿ ಮುಟ್ಟಬ್ಯಾಡ, ಅದಕ್ಕೆ ಸುಟ್ಟಂಗಾಯ್ತದೆ."
ಕೈ ಅದ್ದಿ ಹಿಡಿದೆ: ಅಂಗೈಯಗಲದ ಗೆಂಡೆ.
ನಾಣ್ಯ ಎಣಿಸಿ ಎಣಿಸಿ ಜಡ್ಡುಗಟ್ಟಿದ ಬೆರಳಿಗೆ
ಅಷ್ಟು ಚಿಲ್ಲರೆ ಹೊಳೆಯುತ್ತ ಒದ್ದಾಡಿದ್ದು
ಅದೇ ಮೊದಲು.
ಸಾರಿನ ಹುಳಿ, ಖಾರ ಎಲ್ಲ ಮನಸ್ಸಿನಲ್ಲೇ ಅರೆದಿದ್ದೆ.
"ಮೊದಲ್ನೇದು ಹೊಳೇದು" ಅಂದ ಮುದುಕ.
ಬಿಟ್ಟೆ. ಹೊಟ್ಟೆ ಉರಿಯಿತು, ನಿಜ ಹೇಳಬೇಕು.

ನಾಲ್ಕು ವರ್ಷವಾಯಿತು.
ಅವನಿಗೀಗ ಮಂಡಿನೋವು, ದಂಡೆ ಇಳಿಯಲಾರ.
ಸಿಕ್ಕಿದ್ದರಲ್ಲಿ ಎರಡು ಅವನ ಮನೆಗೆ,
ಸಿಗದ ವಾರ ಬರೀ ಸುದ್ದಿ.
ಸುದ್ದಿಯನ್ನೇ ಅವನು ಹೆಚ್ಚು ಜಗಿಯುತ್ತಾನೆ.
ಮೈಸೂರಿನ ಅಂಗಡಿಯಲ್ಲಿ ರೀಲು ಕೋಲು ಹಿಡಿದು ನೋಡಿದೆ,
ಎರಡು ಸಾವಿರ. ಹಿಡಿದು ನೋಡಿ, ಇಟ್ಟು ಬಂದೆ.
ನನ್ನದು ಡಿಪೋ ಹಿಂದಿನ ಮೆಳೆಯ ಬಿದಿರು,
ಬೆಂಕಿಗೆ ಹಿಡಿದು ನೆಟ್ಟಗಾಗಿಸಿದ್ದು,
ತುದಿಯಲ್ಲಿ ಇನ್ನೂ ಸ್ವಲ್ಪ ಸೊಟ್ಟ.

ಅಮೃತಾಂಜನದ ಡಬ್ಬಿಯಲ್ಲಿ ಗಾಳಗಳು.
ಅವು ಚುಚ್ಚದಂತೆ ಅವನಂದು ಸುತ್ತಿಕೊಟ್ಟ ಕಾಗದ
ನಾನೇ ಹರಿದ ಆ ಎಂಟು ರೂಪಾಯಿ ಚೀಟಿ.
ಮಷೀನಿನ ಮಸಿ, ಆರು ತಿಂಗಳಿಗೇ ಹಾರಿಹೋಯಿತು.
ಎಲ್ಲಿಂದ, ಎಲ್ಲಿಗೆ, ಎಷ್ಟು,
ಒಂದೂ ಇಲ್ಲ.
ಚೆಕಿಂಗಿನವರು ಹತ್ತಿದರೆ ತೋರಿಸಲು ಬರದು.

ಬೆಂಡು ಅಲ್ಲಾಡಿತು.
ಸಾಸಲೇ ಇರಬೇಕು.
ಇರು,
ಒಂದು ಉಸಿರು.