ಎರಡೂ ಹೆಣ್ಣ ಅದಾವ

ಕೇಶ್ವಾಪುರದ ಅಂಗಡಿಯೊಳಗ ನಾ ಬಿಲ್ ಬರಿಯಾಕಿ.
ಮುಂಜಾನೆ ಶಟರ್ ಎತ್ತಿದ ಕೂಡಲೆ
ಮೊದಲ ವಾಸನಿ ಬರ್ತದ, ಆಮ್ಯಾಲ ಬೆಳಕು,
ಆಮ್ಯಾಲ ಅವುಗಳ ಕಣ್ಣು.

ಸತ್ತದ್ದೇನರ ಇದ್ರ ಮಾಲಕರು ಬರೂದರೊಳಗ ತಗದು ಹಾಕಬೇಕು.
ಮೆಹರವಾಡೆ ಮಾಲಕರು ಕೆಟ್ಟವರಲ್ಲ,
ಸತ್ತದ್ದು ನೋಡಿದ್ರ ಅವರಿಗೆ ಚಹಾ ಸೇರಂಗಿಲ್ಲ, ಅಷ್ಟ.
ಹಳೇ ಪೇಪರಿನ್ಯಾಗ ಸುತ್ತತೀನಿ.
ಒಂದು ಹ್ಯಾಮ್‌ಸ್ಟರ್ ಅಂದ್ರ
ಗಿರಮಿಟ್ಟಿನ ಪೊಟ್ಟಣದಷ್ಟೂ ಆಗೂದಿಲ್ಲ.

ಗಿರಾಕಿ ಬರ್ತಾರ,
ನವಲಗುಂದದಿಂದ, ಕುಂದಗೋಳದಿಂದ,
ಬರ್ಥ್‌ಡೇ ಅಂತ, ಪಾಸಾದ ಅಂತ,
ಜ್ವರ ಬಂದು ಮಲಗಿದ ಕೂಸು ಮೊಲಾ ಬೇಕಂತ ಹಟ ಹಿಡದದ ಅಂತ.
"ಜೋಡಿ ಒಯ್ರಿ, ಒಂದ ಇದ್ರ ಬ್ಯಾಸರಾ ಆಗ್ತದ ಅದಕ್ಕ."
"ಮರಿ ಹಾಕೂದಿಲ್ಲಲ್ರಿ?"
"ಛೇ ಛೇ, ಎರಡೂ ಹೆಣ್ಣ ಅದಾವ."
ಎತ್ತಿ ನೋಡಿದವರು ಯಾರೂ ಇಲ್ಲ.
ನಾನೂ ನೋಡಿಲ್ಲ.
ಬರೀತೀನಿ: ಮೊಲ, ಬಿಳಿ, ಜೋಡಿ ಒಂದು.

ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲ
ಅಂತ ಗೋಡಿ ಮ್ಯಾಲ ಬೋರ್ಡ್ ಅದ.
ಅದನ್ನೂ ಬರದಾಕಿ ನಾನ,
ನನ್ನ ಅಕ್ಷರ ದುಂಡಗ ಅದಾವ.

ಗುರುವಾರ ಸಂಜಿಕ ರೈಲ್ವೆ ಕ್ವಾರ್ಟರ್ಸಿನ ಹುಡುಗಿ ಬಂದ್ಳು.
ಅವರಪ್ಪನ ಸ್ಕೂಟರಿನ ಮುಂದ ಬಿಸ್ಕಿಟಿನ ರಟ್ಟಿನ ಡಬ್ಬಿ.
ಗಾಳಿಗಂತ ಪೆನ್ಸಿಲ್ಲಿಂದ ತೂತು ಚುಚ್ಚಿದ್ಳು,
ಒಂದೊಂದು ತೂತಿನ ಸುತ್ತ ಹೂವಿನ ಪಕಳಿ ಬಿಡಿಸಿದ್ಳು.
ಒಳಗ ಒಂಬತ್ತು.
ಒಂಬತ್ತಕ್ಕೂ ಹೆಸರದಾವ ಅಂತ ಬಟ್ಟು ಮಾಡಿ ಹೇಳಾಕ ಹತ್ತಿದ್ಳು:
ಪೇಢಾ, ಕಾಜು, ಮಂಡಕ್ಕಿ, ಪುಟಾಣಿ
ಅನ್ನೂದರೊಳಗ ಮಾಲಕರು ಬೋರ್ಡಿನ ಕಡೆ ಬಟ್ಟು ಮಾಡಿದ್ರು.

"ರೊಕ್ಕ ಬ್ಯಾಡ್ರಿ, ಫುಕಟ ಇಟ್ಕೋರಿ," ಅಂದ ಅಪ್ಪ.
"ಫುಕಟ ಬಂದದ್ದು ಎಲ್ಲಿಡ್ಲಿ ಸರ?
ಬರೂ ಬುಧವಾರ ಹೊಸಾ ಮಾಲು ಬರ್ತದ."
ಅಪ್ಪ ನನ್ನ ಮಾರಿ ನೋಡಿದ.
ನಾ ಕ್ಯಾಲ್ಕುಲೇಟರ್ ಒರಸಾಕತ್ತಿದ್ದೆ.
ಸ್ಕೂಟರ್ ಗದಗ ರೋಡಿಗೆ ತಿರುಗಲಿಲ್ಲ.
ಹುಡುಗಿನ್ನ ನಡುವ ಟ್ಯೂಷನ್ನಿಗೆ ಇಳಿಸಿದ್ನೋ ಏನೋ.

ಐತವಾರ ಸೂಟಿ. ಚಿಗರಿ ಹತ್ತಿ ಉಣಕಲ್ಲಿಗೆ ಹೋದೆ.
ಬಸ್ಸಿಗೆ ಚಿಗರಿ ಅಂತ ಹೆಸರಿಟ್ಟಾರ;
ಬಾಗಿಲಾ ಮುಚ್ಚೂವಾಗ ಉಸ್ಸ್ ಅಂತದ.
ಕೆರಿ ದಂಡಿ ಕಲ್ಲಿನ ಮ್ಯಾಲ ಆಮಿ,
ಕಣ್ಣಿನ ಹಿಂದ ಕೆಂಪು ಗೀಟು.
ನಮ್ಮ ಅಂಗಡಿವ. ಬಿಲ್ ಬರಿಯೂವಾಗ ರೂಪಾಯಿಯಷ್ಟಿದ್ದವು,
ಈಗ ಹೋಳಿಗಿಯಷ್ಟು.

ಕಸಾ ಹೊಡಿಯೂ ದ್ಯಾಮವ್ವ ಕಸಬರಿಗಿ ನಿಲ್ಲಿಸಿದ್ಳು.
"ಏನ್ ಹುಡುಕಾಕತ್ತೀಬೇ?"
ಹೇಳಿದೆ.
"ಶುಕ್ರವಾರ ಇದ್ವು. ನಾಯಿ ಭಾಳ ಅದಾವಿಲ್ಲೆ.
ಮೊಲಾ ಓಡತೈತಿ ಅಂತಾರ, ಮನಿ ಮೊಲಾ ಎಲ್ಲಿ ಓಡಬೇಕು?
ನಾಯಿ ಬಂದ್ರೂ, ಯಾರೋ ತಿನ್ನಾಕ ತಂದ್ರು ಅಂತ
ಎದ್ದು ನಿಂದರತಿದ್ವು."

ಒಂದ ಉಳದಿತ್ತು, ಅಕಿ ಮನ್ಯಾಗ, ಬುಟ್ಟಿ ಕೆಳಗ.
"ಒಯ್ದಬಿಡು. ನಮ್ಮಾಂವ ಸಾರು ಮಾಡಂತಾನ.
ಜಡ್ಡ ಐತದಕ್ಕ, ತಿನಬಾರದು ಅಂತ
ಎರಡ ದಿನಾತು ಸುಳ್ಳ ಹೇಳಾಕತ್ತೀನಿ."

ಈಗ ಅದು ಹಳೇಹುಬ್ಬಳ್ಳಿಯೊಳಗ ನನ್ನ ಖೋಲ್ಯಾಗ ಅದ.
ಮನಿ ಒಡತಿಗೆ ಗೊತ್ತಿಲ್ಲ.
ಮಧ್ಯರಾತ್ರಿ ಹಕ್ಕರಕಿ ಪಲ್ಲೆ ಕುರುಕುರು ತಿಂತದ.
ಮಂಡಕ್ಕಿನೋ ಪುಟಾಣಿನೋ, ಹೆಸರು ಗೊತ್ತಿಲ್ಲ.
ಹುಡುಗಿ ವಿಳಾಸ ಬಿಲ್ಲಿನ್ಯಾಗ ಅದ, ನಂಬರ್ ನಾಕನೂರಾ ಹದಿನೇಳು.
ಹೋಗಿ ಕೇಳಬೇಕು.
ಕೇಳಿದ್ರ, ಉಳದವು ಎಲ್ಲಿ ಅಂತಾಳ.

ಮೊದಲನೇ ರಾತ್ರಿ ಅದನ್ನ ಎತ್ತಿ, ಹೊಟ್ಟಿ ಮ್ಯಾಲ ಮಾಡಿ,
ಮೊಬೈಲಿನ ಬೆಳಕಿನ್ಯಾಗ ನೋಡಿದೆ.
ಗಂಡು.
ಹತ್ತು ಸೆಕೆಂಡಿನ ಕೆಲಸ.

ಬುಧವಾರ ಮಾಲು ಬಂತು, ಇಪ್ಪತ್ತನಾಕು ಜೋಡಿ.
ನವನಗರದಿಂದ ಒಬ್ಬಾಕಿ ಬಂದಿದ್ಳು, ಬಗಲಾಗ ಕೂಸು,
ಕೂಸಿನ ಕೈ ಆಗಲೇ ಜಾಳಗಿಯೊಳಗ.
"ಎರಡೂ ಹೆಣ್ಣ," ಅಂತ ಸುರು ಮಾಡಿದ್ರು ಮಾಲಕರು.
ಪೆನ್ನು ಕೆಳಗಿಟ್ಟೆ.
"ಕೊಡ್ರಿಲ್ಲೆ, ಎತ್ತಿ ನೋಡ್ತೀನಿ."

ಯಾರೂ ಮಾತಾಡಲಿಲ್ಲ.
ಅಂಗೈಯೊಳಗ ಅದರ ಎದಿ ಹೊಲಿಗಿ ಮಶೀನಿನಂಗ ಓಡತಿತ್ತು.
ಮಾಲಕರ ಚಹಾ ಆರಾಕತ್ತಿತ್ತು.