ಪಾಲಿಲ್ಲದ ಸಾಕ್ಷಿ

ಶ್ರೀನಿವಾಸಪುರದ ಕೋರ್ಟಿನ ಹಿಂದಿನ ಕೋಣೆಯಲ್ಲಿ
ಹತ್ತೊಂಬತ್ತು ವರ್ಷ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸಿದವನು ನಾನು,
ಲಾರಿಯಿಂದ ಕ್ರೇಟು ಇಳಿಸುವ ಹಾಗೆ.
ಎಣಿಸುವುದು, ಎತ್ತುವುದು, ಇಡುವುದು.
ಒಳಗಿನ ಹಣ್ಣು ಮುಟ್ಟಿ ನೋಡುವುದು ನನ್ನ ಕೆಲಸವಲ್ಲ.

ಆ ಜೂನಿನಲ್ಲಿ ವಿಚಾರಣೆಗೆ ಬಂದದ್ದು ಒಂದು ಬೆರಳಿನ ಕೇಸು.
ಹಿಂದಿನ ಸೀಸನ್ನಿನಲ್ಲಿ, ಮಂಡಿಯಲ್ಲಿ, ತೋತಾಪುರಿ ರಾಶಿಯ ಪಕ್ಕ
ಟವೆಲಿನ ಕೆಳಗೆ ಎರಡು ಕೈ ವ್ಯಾಪಾರ ಮಾತಾಡುತ್ತಿದ್ದವು.
ಒಂದು ಕೈ ಏಳು ಅಂದಿತು,
ಇನ್ನೊಂದು ಎಂಟು ಎಂದು ಕೇಳಿಸಿಕೊಂಡಿತು.
ಟವೆಲು ತೆಗೆದಾಗ ಚಲಪತಿಯ ನಡುಬೆರಳು
ಹಿಂದಕ್ಕೆ ಜೋತಿತ್ತು, ತೊಟ್ಟು ಮುರಿದ ಕಾಯಿಯಂತೆ.

ಕಂಡವರು ನೂರು ಮಂದಿ. ಸಮನ್ಸ್ ಬಂದಾಗ
ಒಬ್ಬನ ಕಣ್ಣಿಗೆ ಆಗ ಧೂಳು ಬಿದ್ದಿತ್ತು,
ಇನ್ನೊಬ್ಬ ಸರಿಯಾಗಿ ಆ ಹೊತ್ತಿಗೇ ಟೀ ಕುಡಿಯಲು ಹೋಗಿದ್ದ,
ಉಳಿದವರು ಆರೋಪಿ ಕದಿರಪ್ಪನ ಮಂಡಿಗೇ ಕಾಯಿ ಹಾಕುವವರು.
ಬಂದವಳು ರೋಣೂರಿನ ಅಕ್ಕಯಮ್ಮ ಒಬ್ಬಳೇ,
ಕ್ರೇಟಿಗೆ ಹುಲ್ಲು ಹಾಸುವ ಕೂಲಿ,
ಸೆರಗಿನ ತುಂಬ ಮಾವಿನ ಸೊನೆಯ ಕಲೆ.

ವಕೀಲರು ಎದ್ದು ಹೇಳಿದರು:
ಯುವರ್ ಆನರ್, ಈಕೆ ಡಿಸ್‌ಇಂಟರೆಸ್ಟೆಡ್ ವಿಟ್ನೆಸ್.
ಸಾಹೇಬರು ತಲೆದೂಗಿ ಬರೆದುಕೊಂಡರು.
ನಾನೂ ಬರೆದೆ: ಆಸಕ್ತಿಯಿಲ್ಲದ ಸಾಕ್ಷಿ.
ಫ್ಯಾನು ತಿರುಗುತ್ತಿತ್ತು. ಊಟದ ಹೊತ್ತಾಗಿತ್ತು.

ವರಾಂಡದಲ್ಲಿ ಹಿಡಿದುಕೊಂಡಳು:
‘ಏನಪ್ಪಾ, ಆ ಕರೀಕೋಟು ನನ್ನ ಏನೋ ಅಂದನಲ್ಲ, ಬೈದನಾ?’
‘ಇಲ್ಲಮ್ಮ, ಹೊಗಳಿದ್ದು. ನಿಮಗೆ ಆಸಕ್ತಿ ಇಲ್ಲವಂತೆ.’

ಅಕ್ಕಯಮ್ಮ ನನ್ನನ್ನು ನೋಡಿದ ರೀತಿ
ಕೊಳೆತ ಹಣ್ಣೊಂದನ್ನು ಎತ್ತಿ ಬದಿಗಿಡುವ ರೀತಿ.
‘ಆಸಕ್ತಿ ಇಲ್ದೇನೇ ಎರಡು ದಿನದ ಕೂಲಿ ಬಿಟ್ಟು ಬಂದ್ನಾ?
ಯಾವ ಬೆರಳು, ಯಾವ ಕಡೆಗೆ ಬಗ್ಗಿತು,
ಆ ಹುಡುಗ ಅಮ್ಮಾ ಅಂದನೋ ಅಯ್ಯೋ ಅಂದನೋ
ಎಲ್ಲ ಹೇಳ್ಲಿಲ್ವಾ ನಾನು?
ಹೆರಿಗೆ ಮಾಡಿಸೋಳಿಗೆ ಕೂಸಲ್ಲಿ ಪಾಲಿಲ್ಲ ಕಣಪ್ಪ,
ಹಂಗಂತ ಅವಳು ನಿದ್ದೆ ಹೊಡೀತಾಳಾ?’

ಆ ರಾತ್ರಿ ನಿಘಂಟು ತೆಗೆದೆ.
ಇಂಟರೆಸ್ಟ್ ಎಂಬ ಹಳೇ ವಠಾರದಲ್ಲಿ
ಮೂರು ಸಂಸಾರ ಬಾಡಿಗೆಗಿವೆ.
ಮುಂದಿನ ಮನೆಯಲ್ಲಿ ಆಸಕ್ತಿ,
ಬಾಗಿಲು ತೆರೆದಿಟ್ಟು ಇಡೀ ಬೀದಿ ನೋಡುವವಳು;
ನಡುವೆ ಬಡ್ಡಿ,
ತಿಂಗಳ ಮೊದಲ ದಿನ ಮಾತ್ರ ಹೊರಗೆ ಬರುವವನು;
ಹಿಂದಿನ ಕತ್ತಲಕೋಣೆಯಲ್ಲಿ ಪಾಲು,
ಯಾವಾಗಲೂ ಟವೆಲಿನ ಕೆಳಗೆ ಕೈ ಇಟ್ಟುಕೊಂಡಿರುವವನು.
ವಕೀಲರು ತಟ್ಟಿದ್ದು ಹಿಂದಿನ ಬಾಗಿಲು,
ಇವಳ ಮಟ್ಟಿಗೆ ಅಲ್ಲಿ ಯಾರೂ ಇಲ್ಲ ಎಂದು ತೋರಿಸಲು.
ನಾನು ಹೋಗಿ
ಮುಂದಿನ ಮನೆಯವಳನ್ನು ಖಾಲಿ ಮಾಡಿಸಿದ್ದೆ.

ತಿದ್ದಲು ಕೂತೆ.
ನಿರಾಸಕ್ತ: ಅದೇ ತಪ್ಪು, ಜರಿಪಂಚೆ ಉಟ್ಟುಕೊಂಡು.
ನಿರ್ಲಿಪ್ತ: ಸೊನೆ ಮೆತ್ತಿದ ಆ ಕೈಗೆ
ಏನೂ ಅಂಟಿಲ್ಲ ಎಂದು ಹೇಗೆ ಹೇಳಲಿ?
ತಟಸ್ಥ: ದಡದಲ್ಲಿ ನಿಂತಿದ್ದವರು ಆ ನೂರು ಮಂದಿ.
ಹನ್ನೊಂದೂವರೆಗೆ ಕರೆಂಟು ಹೋಯಿತು.
ಮೇಣದಬತ್ತಿ ಹಚ್ಚಿ, ಅವಳ ಮಾತಿನಿಂದಲೇ ಕದ್ದು ಬರೆದೆ:
ಪಾಲಿಲ್ಲದ ಸಾಕ್ಷಿ.

ಹೊಡೆದುಹಾಕಿದ ಹಳೆಯ ಪದವನ್ನು ಮಾತ್ರ
ಬಿಸಾಡಲಾಗಲಿಲ್ಲ.
ಹತ್ತೊಂಬತ್ತು ವರ್ಷ, ಫ್ಯಾನು, ಊಟದ ಹೊತ್ತು.
ತೊಟ್ಟು ನೋಡಿದೆ,
ನನ್ನ ಅಳತೆಗೇ ಹೊಲಿದಂತಿತ್ತು.

ತೀರ್ಪು ಬರುವಷ್ಟರಲ್ಲಿ ಇನ್ನೂ ಎರಡು ಸೀಸನ್ ಕಳೆದಿದ್ದವು.
ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ತಲೆಯ ಮೇಲೆ ಖಾಲಿ ಬುಟ್ಟಿ.
ಯಾರು ಗೆದ್ದರು, ದಂಡ ಎಷ್ಟು,
ಹೇಳಲು ಬಾಯಿ ತೆರೆದೆ.
ಅವಳು ಅದನ್ನು ಕೇಳಲಿಲ್ಲ.
‘ಆ ಹುಡುಗನ ಬೆರಳು ಈಗ ಮಡಚಕ್ಕೆ ಬರ್ತದಾ?’

ನನಗೆ ಗೊತ್ತಿರಲಿಲ್ಲ.
ಅವನ ಹೆಸರನ್ನು ಹದಿನಾಲ್ಕು ಸಲ ಟೈಪು ಮಾಡಿದ್ದೆ,
ಕೈ ನೋಡಿರಲಿಲ್ಲ.